ಮೈಸೂರಿನಿಂದ ದುಬೈಗೆ ಎಷ್ಟು ಹೊತ್ತು? ನಾನು ಲೆಕ್ಕ ಹಾಕುವ ರೀತಿ

ತಂಗಿ ಮನೆ ದುಬೈನಲ್ಲಿದೆ. ಹಾಗಾಗಿ "ಎಷ್ಟು ದೂರ, ಎಷ್ಟು ಗಂಟೆ ಹಿಡಿಯುತ್ತೆ" ಅಂತ ನೆಂಟರು ಕೇಳುತ್ತಲೇ ಇರುತ್ತಾರೆ. ವಿಮಾನಕ್ಕಾದರೆ ಸುಮಾರು 4 ಗಂಟೆ. ಕುವೆಂಪುನಗರದ ನಮ್ಮ ಮನೆಯಿಂದಾದರೆ ಹತ್ತಿರಹತ್ತಿರ 14.

ದೂರ ಅಳೆಯೋಕೆ ನಾನು ಮಕ್ಕಳ ಗ್ಲೋಬ್ ತೆಗೆದುಕೊಳ್ಳುತ್ತೇನೆ. ಎರಡು ಊರಿನ ನಡುವೆ ದಾರ ಬಿಗಿಯಾಗಿ ಹಿಡಿದು, ಅದೇ ದಾರವನ್ನು ಸಮಭಾಜಕದ ಮೇಲಿಟ್ಟರೆ ಅದರ ಎಷ್ಟನೇ ಭಾಗ ಅಂತ ಗೊತ್ತಾಗುತ್ತದೆ. ಸಮಭಾಜಕದ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಇನ್ನುಳಿದದ್ದು ಬರೀ ಗುಣಾಕಾರ. ಬೆಂಗಳೂರು–ದುಬೈ ಸುಮಾರು 2,700 ಬರುತ್ತದೆ. ಫೋನಿನ ಮ್ಯಾಪ್‌ನಲ್ಲೂ ನೇರ ದೂರ ಸಿಗುತ್ತದೆ, ಆದರೆ ದಾರದ ಮಜಾ ಬೇರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಹಿಡಿದು ನೋಡಿ, ಅದು ಉತ್ತರ ಧ್ರುವದ ಕಡೆಗೇ ಓಡುತ್ತದೆ. ಗೋಡೆ ನಕ್ಷೆ ನೋಡಿದವರು ನಂಬೋದೇ ಇಲ್ಲ.

ಈಗ ಹೊತ್ತು. ದೊಡ್ಡ ಜೆಟ್ ವಿಮಾನಕ್ಕೆ ಗಂಟೆಗೆ 850 ಕಿಲೋಮೀಟರ್ ಅಂತ ಇಟ್ಟುಕೊಂಡು ಭಾಗಿಸಿ, ರನ್‌ವೇವರೆಗೆ ಓಡಾಡೋದು, ಏರೋದು, ಇಳಿಯೋದು ಎಲ್ಲ ಸೇರಿಸಿ ಅರ್ಧ ಗಂಟೆ ಕೂಡಿಸುತ್ತೇನೆ. ದುಬೈಗೆ 3 ಗಂಟೆ 40 ನಿಮಿಷ ಬಂತು. ಹೋಗುವಾಗ ಪಶ್ಚಿಮದ ಗಾಳಿ ಎದುರಿಗೆ ಬೀಸುವುದರಿಂದ ಸ್ವಲ್ಪ ಜಾಸ್ತಿ, ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ಟಿಕೆಟ್ ನೋಡಿ ಮೋಸ ಹೋಗಬೇಡಿ. ಬೆಳಗ್ಗೆ 10ಕ್ಕೆ ಹೊರಟು 12.40ಕ್ಕೆ ತಲುಪುತ್ತದೆ ಅಂತಿದ್ದರೆ ಅದು ಅಲ್ಲಿನ ಗಡಿಯಾರ, ನಮಗಿಂತ ಒಂದೂವರೆ ಗಂಟೆ ಹಿಂದೆ. ಅಂದರೆ 4 ಗಂಟೆ 10 ನಿಮಿಷ ಸೀಟಲ್ಲಿ ಕೂತಿರಬೇಕು, ಅಲ್ವಾ?

ನಮ್ಮ ಕಷ್ಟ ಇರೋದು ನೆಲದ ಮೇಲೆ. ನಮ್ಮ ಮೈಸೂರಿನ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್, ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಸಾಕು, ದುಬೈಗೆ ಹೋಗುವ ಜೆಟ್‌ಗೆ ಸಾಲದು. ಹಾಗಾಗಿ ದೇವನಹಳ್ಳಿಯೇ ಗತಿ. ಎಕ್ಸ್‌ಪ್ರೆಸ್‌ವೇಯಲ್ಲಿ ಮಂಡ್ಯ, ಚನ್ನಪಟ್ಟಣ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತವೆ, ಕೆಂಗೇರಿ ದಾಟಿದ ಮೇಲೆ ಹೆಬ್ಬಾಳದವರೆಗೆ ದೇವರೇ ಕಾಪಾಡಬೇಕು. ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸಿಗೆ ನಾನು ಐದು ಗಂಟೆ ಹಿಡಿಯುತ್ತೇನೆ. ಕಮ್ಮಿಯಾದರೆ ಅಲ್ಲೇ ಕೂತು ಕಾಫಿ ಕುಡಿದರಾಯಿತು. ಚೆಕ್‌ಇನ್‌ಗೆ 3 ಗಂಟೆ ಮುಂಚೆ, ಹಾರಾಟ 4, ಅಲ್ಲಿ ಇಮಿಗ್ರೇಷನ್, ಬ್ಯಾಗು, ತಂಗಿ ಮನೆ ಸೇರೋದು 2. ಆಯ್ತಲ್ಲ 14.

ಚೆನ್ನೈಗೆ ಇದೇ ಲೆಕ್ಕ ಹಾಕಿದರೆ ಬೇರೆಯೇ ಉತ್ತರ. ನೇರ ದೂರ ಸುಮಾರು 390 ಕಿಲೋಮೀಟರ್, ಎಟಿಆರ್ ವೇಗ ಗಂಟೆಗೆ 500ರ ಆಸುಪಾಸು, ಅರ್ಧ ಗಂಟೆ ಸೇರಿದರೆ ಹಾರಾಟ ಒಂದೂಕಾಲು ಗಂಟೆ. ಮನೆಯಿಂದ ಮನೆಗೆ ನಾಲ್ಕೂವರೆ ಹಿಡಿಯಿರಿ. ವಂದೇ ಭಾರತ್ ರೈಲು ಸುಮಾರು ಆರೂವರೆ ಗಂಟೆಯಲ್ಲಿ ಸೆಂಟ್ರಲ್‌ಗೇ ಇಳಿಸುತ್ತದೆ. ಕೆಲಸ ಚೆನ್ನೈ ವಿಮಾನ ನಿಲ್ದಾಣಕ್ಕೆ ಹತ್ತಿರದ ತಾಂಬರಂ ಕಡೆ ಇದ್ದು, ಆ ದಿನ ಇಲ್ಲಿಂದ ವಿಮಾನ ಸಿಕ್ಕರೆ ನಾನು ಮಂಡಕಳ್ಳಿಗೆ ಹೋಗುತ್ತೇನೆ. ಸೆಂಟ್ರಲ್ ಸುತ್ತಮುತ್ತ ಆದರೆ ರೈಲೇ, ಕಿಟಕಿ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು.