ಆಡಿನ ಮಿದುಳು, ಜಿಎಂ1 ಮತ್ತು ಕಾಲರಾ ವಿಷದ ಹಿಡಿತ: ನನ್ನ ಅನುಭವ

ನರಕೋಶದ ಪೊರೆಯಲ್ಲಿರುವ ಗ್ಯಾಂಗ್ಲಿಯೋಸೈಡ್‌ಗಳಿಗೆ (ಸಕ್ಕರೆಯ ತಲೆ, ಕೊಬ್ಬಿನ ಬಾಲ ಇರುವ ಅಣುಗಳು) ಕಾಲರಾ ವಿಷದ 'ಬಿ' ಘಟಕ, ಅಂದರೆ ಕೋಶವನ್ನು ಹಿಡಿಯುವ ಭಾಗ, ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದು ನಾನು ಮಂಗಳೂರಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಇಳಿದದ್ದು ಜುಲೈ ತಿಂಗಳಲ್ಲಿ. ಆ ಕಾಲ ಆರಿಸಿಕೊಂಡದ್ದೇ ಮೊದಲ ತಪ್ಪು. ಶುದ್ಧೀಕರಿಸಿದ ಗ್ಯಾಂಗ್ಲಿಯೋಸೈಡ್ ದುಬಾರಿಯಾದ್ದರಿಂದ ಕಂಕನಾಡಿಯ ಮಾಂಸದಂಗಡಿಯಿಂದ ಆಡಿನ ಮಿದುಳು ತಂದೆ. "ಮೇಡಂ, ಸುಕ್ಕ ಮಾಡ್ಲಿಕ್ಕಾ, ಫ್ರೈಗಾ?" ಎಂದು ಅಂಗಡಿಯವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಬೂದು ಭಾಗದ ಹತ್ತು ಗ್ರಾಂ ಅನ್ನು ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್ ಸೇರಿಸಿದ 200 ಮಿಲಿಲೀಟರ್ ದ್ರಾವಣದಲ್ಲಿ ಅರೆದು, ಸೋಸಿ, ನೀರು ಬೆರೆಸಿ ನಿಲ್ಲಿಸಿದರೆ ಎರಡು ಪದರಗಳು ಬೇರ್ಪಡುತ್ತವೆ. ಕೊಲೆಸ್ಟರಾಲಿನಂಥ ಕೊಬ್ಬು ಕೆಳಗೆ ಉಳಿಯುತ್ತದೆ. ಗ್ಯಾಂಗ್ಲಿಯೋಸೈಡ್‌ಗಳಿಗೆ ಸಕ್ಕರೆಯ ತಲೆ ದೊಡ್ಡದಾದ್ದರಿಂದ ಅವು ಮೇಲಿನ ನೀರಿನ ಪದರಕ್ಕೆ ಬರುತ್ತವೆ. ಅದನ್ನು ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ಅಣುಗಳನ್ನು ತೆಳು ಪೊರೆಯ ಮೂಲಕ ಹೊರಹಾಕಿ, ಒಣಗಿಸಿದೆ.

ನಂತರ ಸಿಲಿಕಾ ಲೇಪಿಸಿದ ಪ್ಲೇಟಿನ ಮೇಲೆ ಅವನ್ನು ದ್ರಾವಕದೊಂದಿಗೆ ಓಡಿಸಿ ಬೇರ್ಪಡಿಸಬೇಕು. ಕಡಲ ತೀರದ ಮಳೆಗಾಲದ ಗಾಳಿಯಲ್ಲಿ ಸಿಲಿಕಾ ಕ್ಷಣದಲ್ಲೇ ತೇವ ಹೀರುತ್ತದೆ, ಪಟ್ಟಿಗಳು ಹರಡಿ ಒಂದರೊಳಗೊಂದು ಸೇರಿಬಿಡುತ್ತವೆ. 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತೇವ ತಾಕದ ಡೆಸಿಕೇಟರ್ ಪಾತ್ರೆಯಲ್ಲಿ ತಣಿಸಿ, ಮಾದರಿಯನ್ನು ಬೇಗ ಬೇಗ ಹಾಕಲು ಕಲಿತ ಮೇಲೆಯೇ ಮಿದುಳಿನ ನಾಲ್ಕು ಮುಖ್ಯ ಗ್ಯಾಂಗ್ಲಿಯೋಸೈಡ್‌ಗಳಾದ ಜಿಎಂ1, ಜಿಡಿ1ಎ, ಜಿಡಿ1ಬಿ, ಜಿಟಿ1ಬಿ ಮೇಲಿನಿಂದ ಕೆಳಕ್ಕೆ ಬೇರೆ ಬೇರೆಯಾಗಿ ನಿಂತವು. ರೆಸಾರ್ಸಿನಾಲ್ ಸಿಂಪಡಿಸಿ ಕಾಯಿಸಿದಾಗ ನಾಲ್ಕೂ ನೀಲಿ-ನೇರಳೆ ಬಣ್ಣಕ್ಕೆ ತಿರುಗಿದವು, ಏಕೆಂದರೆ ನಾಲ್ಕರಲ್ಲೂ ಆ ಬಣ್ಣ ಕೊಡುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯಿದೆ.

ಇನ್ನೊಂದು ಪ್ಲೇಟನ್ನು ಪ್ಲಾಸ್ಟಿಕ್ಕಿನ ತೆಳು ಪದರದಿಂದ ಭದ್ರಪಡಿಸಿ, ಖಾಲಿ ಜಾಗವನ್ನು ಅಲ್ಬುಮಿನ್ ಪ್ರೋಟೀನಿನಿಂದ ಮುಚ್ಚಿ, ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವ ಜೋಡಿಸಿದ 'ಬಿ' ಘಟಕವನ್ನು ಸುರಿದು, ತೊಳೆದು, ಬಣ್ಣ ಬರಿಸಿದೆ. ಎದ್ದು ಕಂಡದ್ದು ಒಂದೇ ಕಂದು ಪಟ್ಟಿ, ಜಿಎಂ1 ಇದ್ದ ಜಾಗದಲ್ಲಿ. ಜಿಎಂ1ರ ಕೊನೆಯ ಸಕ್ಕರೆಯಾದ ಗ್ಯಾಲಕ್ಟೋಸ್ ತೆರೆದಿರುತ್ತದೆ. ಅದೂ ಪಕ್ಕದ ಸಿಯಾಲಿಕ್ ಆಮ್ಲವೂ ಎರಡು ಬೆರಳುಗಳಂತೆ 'ಬಿ' ಘಟಕವನ್ನು ಹಿಡಿಯುತ್ತವೆ, ವಿಷದಲ್ಲಿ ಐದು 'ಬಿ' ಘಟಕಗಳು ಒಟ್ಟಿಗೇ ಇರುವುದರಿಂದ ಹಿಡಿತ ಸುಲಭಕ್ಕೆ ಬಿಡುವುದಿಲ್ಲ. ಜಿಡಿ1ಎ ಮತ್ತು ಜಿಟಿ1ಬಿಗಳಲ್ಲಿ ಆ ಗ್ಯಾಲಕ್ಟೋಸಿನ ಮೇಲೆಯೇ ಮತ್ತೊಂದು ಸಿಯಾಲಿಕ್ ಆಮ್ಲ ಕುಳಿತು ದಾರಿ ಮುಚ್ಚಿರುತ್ತದೆ. ಇದನ್ನು ಪರೀಕ್ಷಿಸಲು ಮೂರನೆಯ ಪ್ಲೇಟಿಗೆ ಮೊದಲು ಸಿಯಾಲಿಡೇಸ್ ಕಿಣ್ವ ಹಾಕಿದೆ. ಆಗ ನಾಲ್ಕು ಜಾಗಗಳಲ್ಲೂ ಕಂದು ಪಟ್ಟಿ ಮೂಡಿತು. ಕಿಣ್ವ ಹೆಚ್ಚುವರಿ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ಅವೆಲ್ಲವನ್ನೂ ಜಿಎಂ1 ಆಗಿಸಿತ್ತು, ಒಳಗಿನ ಒಂದನ್ನು ಮಾತ್ರ ಅದು ಮುಟ್ಟಲಿಲ್ಲ. ಕಾಲರಾ ರೋಗಾಣು ಈ ಕಿಣ್ವವನ್ನು ತಾನೇ ತಯಾರಿಸುತ್ತದೆ ಎಂಬುದನ್ನು ಓದಿದ್ದೆ, ಅದರ ಅರ್ಥ ಹೊಳೆದದ್ದು ಆ ದಿನ.

ಅದೇ ಹಿಡಿತವನ್ನು ಎಲೈಸಾ ಪ್ಲೇಟಿನಲ್ಲಿ (ಬಾವಿಗಳೆಂದು ಕರೆಯುವ ಪುಟ್ಟ ಗುಳಿಗಳಿರುವ, ಬಣ್ಣದ ಗಾಢತೆಯಿಂದ ಅಳೆಯುವ ಪ್ಲಾಸ್ಟಿಕ್ ತಟ್ಟೆ) ಅಳೆಯಹೊರಟಾಗ ಮಾತ್ರ ಮೂರು ವಾರ ವ್ಯರ್ಥವಾಯಿತು. ಮೆಥನಾಲಿನಲ್ಲಿ ಕರಗಿಸಿದ ಜಿಎಂ1 ಅನ್ನು ಬಾವಿಗಳಲ್ಲಿ ಒಣಗಿಸಿ, ಎಂದಿನಂತೆ ಟ್ವೀನ್-20 ಎಂಬ ಮಾರ್ಜಕ ಇರುವ ಬಫರ್ ದ್ರಾವಣದಿಂದ ತೊಳೆಯುತ್ತಿದ್ದೆ. ಒಂದು ಬಾವಿಯಲ್ಲಿ ಬಣ್ಣ ಬಂದರೆ ಪಕ್ಕದ್ದರಲ್ಲಿ ಇಲ್ಲ. ವಿಷದ ಘಟಕವನ್ನು ಬದಲಿಸಿದೆ, ಅಲ್ಬುಮಿನ್ ಬದಲಿಸಿದೆ. ಪ್ರೋಟೀನು ಪ್ಲಾಸ್ಟಿಕ್ಕಿಗೆ ಅಂಟಿದರೆ ಬಲವಾಗಿ ಅಂಟುತ್ತದೆ, ಆದರೆ ಜಿಎಂ1 ಸೆರಮೈಡ್ ಎಂಬ ತನ್ನ ಕೊಬ್ಬಿನ ಬಾಲದಿಂದ ಸಡಿಲವಾಗಿ ಕುಳಿತಿರುತ್ತದೆ. ಟ್ವೀನ್ ಸೋಪಿನಂತೆ ಅದನ್ನು ಎಬ್ಬಿಸಿ ಒಯ್ಯುತ್ತದೆ. ತೊಳೆಯುವ ಬಫರಿನಿಂದ ಟ್ವೀನ್ ತೆಗೆದು, ಅಲ್ಬುಮಿನ್ ಇಟ್ಟುಕೊಂಡ ದಿನವೇ ಅಂಕಿಗಳು ಸ್ಥಿರವಾದವು. ಈಗ ಆ ಬಾಟಲಿಯ ಮೇಲೆ 'ಟ್ವೀನ್ ಹಾಕಬಾರದು' ಎಂದು ಕೆಂಪು ಮಾರ್ಕರಿನಲ್ಲಿ ಬರೆದಿದ್ದೇನೆ. ತೇವಕ್ಕೆ ಅಕ್ಷರ ಅಳಿಸುವುದರಿಂದ ಪ್ರತಿ ಮಳೆಗಾಲ ಮತ್ತೆ ಬರೆಯಬೇಕಾಗುತ್ತದೆ.