ಅರವತ್ತು ಕೆ.ಜಿ. ಹುಡುಗ ಪ್ರೊ ಕಬಡ್ಡಿಗೆ ತಯಾರಾಗುವುದು ಹೇಗೆ?

ಪ್ರೊ ಕಬಡ್ಡಿಯಲ್ಲಿ ತೂಕದ ಮಿತಿ 85 ಕೆ.ಜಿ. ಮಂಡ್ಯದ ಕಾಲೇಜು ತಂಡದಲ್ಲಿ ನೀವು 60 ಕೆ.ಜಿ. ಇದ್ದರೆ, ಕವರ್‌ನಲ್ಲಿ (ತುದಿಯಲ್ಲಿ ನಿಂತವನ ಪಕ್ಕದ ಒಳಜಾಗ) ನಿಂತು ಡ್ಯಾಶ್ ಹೊಡೆಯುವ (ಮೈಯಿಂದ ಗುದ್ದಿ ಅಂಗಳದಾಚೆ ತಳ್ಳುವ) ಆಸೆ ಸದ್ಯಕ್ಕೆ ಬಿಡಿ. ದಪ್ಪ ರೈಡರ್ (ಎದುರು ಅಂಗಳಕ್ಕೆ ನುಗ್ಗಿ ಬರುವವನು) ನಿಮ್ಮನ್ನೂ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಹಗುರವಾಗಿ, ಕುಳ್ಳಗಿರುವವರಿಗೆ ಹೇಳಿ ಮಾಡಿಸಿದ ಕೆಲಸ ಎರಡಿವೆ: ರೈಡಿಂಗ್‌ನಲ್ಲಿ ಬೋನಸ್ (ಬೋನಸ್ ಗೆರೆಯಾಚೆ ಕಾಲಿಟ್ಟು ಪಡೆಯುವ ಪಾಯಿಂಟ್) ಮತ್ತು ಡುಬ್ಕಿ (ಹಿಡಿಯಲು ಬಂದವರ ಕೆಳಗೆ ಬಗ್ಗಿ ನುಸುಳುವುದು), ಇಲ್ಲವೇ ಕಾರ್ನರ್‌ನಲ್ಲಿ (ಹಿಡಿಯುವವರ ಸಾಲಿನ ತುದಿ) ಆಂಕಲ್ ಹೋಲ್ಡ್ (ರೈಡರ್‌ನ ಕಣಕಾಲು ಹಿಡಿಯುವುದು). ಎರಡನ್ನೂ ಅರೆಬರೆ ಕಲಿಯುವ ಬದಲು ಒಂದನ್ನು ಪಕ್ಕಾ ಮಾಡಿಕೊಳ್ಳಿ. ನಮ್ಮ ಮಾತು ಕೇಳಿದರೆ ಕಾರ್ನರ್.

ಲೆಕ್ಕ ನೋಡಿ. ನಡುಗೆರೆಯಿಂದ ಬೋನಸ್ ಗೆರೆಗೆ 4.75 ಮೀಟರ್, ಅಲ್ಲಿಂದ ಕೊನೆಗೆರೆಗೆ 1.75 ಮೀಟರ್. ಬೋನಸ್‌ಗೆ ಕಾಲು ಚಾಚಿದವನ ಪಾದ ನಿಮ್ಮ ಪಕ್ಕದಲ್ಲೇ ಇರುತ್ತದೆ, ಅವನ ಕಡೆಯ ಅಂಗಳ ದೂರ. ಉದ್ದನೆಯ ಆಟಗಾರ ಅಷ್ಟು ಕೆಳಕ್ಕೆ ಬಗ್ಗುವಷ್ಟರಲ್ಲಿ ನೀವು ಆಗಲೇ ಕೆಳಗಿರುತ್ತೀರಿ. ಪಾದ ಮ್ಯಾಟ್ ಮೇಲೆ ಊರಿ ಅದರ ಮೇಲೆ ಭಾರ ಬಿದ್ದ ಕ್ಷಣಕ್ಕೇ ಹೋಗಿ. ಎರಡೂ ಕೈ ಹಿಮ್ಮಡಿಯ ಹಿಂದೆ ಕೂಡಲಿ, ಭುಜ ಮೊಣಕಾಲಿನ ಕೆಳಗೆ ಒತ್ತಲಿ, ತಲೆ ಕಾಲಿನ ಪಕ್ಕಕ್ಕಿರಲಿ. ತಲೆ ಮೊಣಕಾಲಿನ ಎದುರು ಬಂದರೆ ಏಟು ಗ್ಯಾರಂಟಿ. ಹೊಸಬರು ಸೋಲುವುದು ಆತುರಕ್ಕೆ: ಕಾಲು ಗಾಳಿಯಲ್ಲಿರುವಾಗಲೇ ಹಾರುತ್ತಾರೆ, ರೈಡರ್ ಪಾದ ಎಳೆದುಕೊಳ್ಳುತ್ತಾನೆ, ಪಾಯಿಂಟ್ ಹೋಗುತ್ತದೆ. ಪಕ್ಕದ ಕವರ್ ಆಟಗಾರನ ಜೊತೆ ದಿನಕ್ಕೆ 30 ಹಿಡಿತ ಅಭ್ಯಾಸ ಮಾಡಿ. ಅವನು ಬಂದು ಮುಚ್ಚದಿದ್ದರೆ ನಿಮ್ಮೊಬ್ಬರ ತೂಕಕ್ಕೆ ಯಾರೂ ನಿಲ್ಲುವುದಿಲ್ಲ.

ಮೈ ಕಟ್ಟಲೂಬೇಕು, ಆದರೆ ವಾರಕ್ಕೆ ಕಾಲು ಕೆ.ಜಿ.ಗಿಂತ ಆತುರ ಬೇಡ. ವೇಗವಾಗಿ ಏರಿದ ತೂಕದಲ್ಲಿ ಕೊಬ್ಬೇ ಜಾಸ್ತಿ, ಕಾಲಿನ ಚುರುಕು ಹೋಗುತ್ತದೆ. ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಬೇಕು. ಮುದ್ದೆ ಶಕ್ತಿ ಕೊಡುತ್ತದೆ, ಆದರೆ ಪ್ರೋಟೀನ್‌ಗೆ ಅದನ್ನೇ ನಂಬಬೇಡಿ. 4 ಮೊಟ್ಟೆ, ಅರ್ಧ ಲೀಟರ್ ಹಾಲು, 100 ಗ್ರಾಂ ಹುರುಳಿಕಾಳು, ಒಂದು ಹಿಡಿ ಕಡಲೆಕಾಯಿ ಬೀಜ, 150 ಗ್ರಾಂ ಕೋಳಿ ಸೇರಿದರೆ ಆ ಲೆಕ್ಕ ಮುಟ್ಟುತ್ತದೆ. ಬಸ್ಸಾರು ಮಾಡಿದ ದಿನ ಬರೀ ಸಾರು ಬಿಟ್ಟುಕೊಂಡು ಏಳಬೇಡಿ, ಬಸಿದ ಕಾಳನ್ನೇ ಬಟ್ಟಲು ತುಂಬ ತಿನ್ನಿ. ವಾರಕ್ಕೆ 3 ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಜೊತೆಗೆ ಕಂಬಿಗೆ ಟವೆಲ್ ಸುತ್ತಿ ಪುಲ್‌ಅಪ್. ಹಿಡಿತದ ಬೆರಳು ಗಟ್ಟಿಯಾಗುವುದು ಆ ಟವೆಲ್‌ನಿಂದ.

ಊರಿನ ತೂಕ ನಿಗದಿಯಾದ ಪಂದ್ಯಾವಳಿಗಳಿಗಾಗಿ ನೀರು, ಊಟ ಬಿಟ್ಟು ಇಳಿಯುವ ಚಾಳಿ ಮಾತ್ರ ದಯವಿಟ್ಟು ಬೇಡ. ತಿಂಗಳುಗಟ್ಟಲೆ ಕಟ್ಟಿದ ಮೈ ಹೀಗೇ ಕರಗುತ್ತದೆ. ಮಣ್ಣಿನಲ್ಲಿ ಆಡಿ ಬೆಳೆದವರು ಮ್ಯಾಟ್‌ಗೆ ನಿಧಾನವಾಗಿ ಒಗ್ಗಿಕೊಳ್ಳಿ. ಮಣ್ಣಲ್ಲಿ ಪಾದ ಜಾರುತ್ತದೆ, ಮ್ಯಾಟ್ ಪಾದವನ್ನು ಕಚ್ಚಿ ಹಿಡಿಯುತ್ತದೆ, ತಿರುವಿನ ಭಾರ ಮಂಡಿಗೆ ಬೀಳುತ್ತದೆ.

ದಾರಿ ಹೀಗೆ: ಅಂತರ ಕಾಲೇಜು, ವಿಶ್ವವಿದ್ಯಾಲಯ ತಂಡ, ದಕ್ಷಿಣ ವಲಯ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ. ಜೊತೆಗೆ ಜಿಲ್ಲಾ ತಂಡದ ಆಯ್ಕೆ, ಮೈಸೂರು ದಸರಾ ಕ್ರೀಡಾಕೂಟ. ಪ್ರೊ ಕಬಡ್ಡಿ ನಡೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ದಿನ ಹೊಟ್ಟೆಗೂ ಅಭ್ಯಾಸಕ್ಕೂ ಆಧಾರ ರೈಲ್ವೆ, ಪೊಲೀಸ್‌ನಂಥ ಕಡೆ ಸಿಗುವ ಕ್ರೀಡಾ ಕೋಟಾ ನೌಕರಿ. ಕೇಂದ್ರ ಸರ್ಕಾರದ ಕೆಲಸಕ್ಕೆ ಅಂತರ ವಿಶ್ವವಿದ್ಯಾಲಯ ಆಟಗಾರರು ಕೊಡಬೇಕಾದ್ದು ಫಾರ್ಮ್ 3. ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ ಬೇಕು. ಪಂದ್ಯಾವಳಿ ಮುಗಿದ ವಾರದಲ್ಲೇ ಹೋಗಿ ಹಾಕಿಸಿಕೊಳ್ಳಿ.