ವಸಡಿನಲ್ಲಿ ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿ

ಹಲ್ಲುಜ್ಜಿ ಉಗುಳಿದಾಗ ನೊರೆಯ ಜತೆ ರಕ್ತ ಕಂಡರೆ ನಾವು ಮಾಡುವ ಮೊದಲ ಕೆಲಸ, ಆ ಜಾಗಕ್ಕೆ ಬ್ರಷ್ ತಾಗಿಸದೇ ಇರುವುದು. ಆಗಬೇಕಾದದ್ದು ಅದಕ್ಕೆ ಉಲ್ಟಾ. ಅಲ್ಲಿ ಕೊಳೆ ಕೂತಿರುವುದರಿಂದಲೇ ಸಾಮಾನ್ಯವಾಗಿ ರಕ್ತ ಬರುತ್ತದೆ. ಉಜ್ಜದಿದ್ದರೆ ಅದು ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ?

ಹಲ್ಲಿನ ಬುಡದಲ್ಲಿ ನಾಲಿಗೆಗೆ ಅಂಟಂಟಾಗಿ ಸಿಗುವ ಪದರವೇ ಪ್ಲಾಕ್. ಅದರ ತುಂಬ ಬ್ಯಾಕ್ಟೀರಿಯಾ. 1965ರಲ್ಲಿ ಡೆನ್ಮಾರ್ಕಿನ ಸಂಶೋಧಕರು ವಸಡು ಗಟ್ಟಿಯಿದ್ದ 12 ಮಂದಿಯಿಂದ ಹಲ್ಲುಜ್ಜುವುದನ್ನೇ ಬಿಡಿಸಿ ನೋಡಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ಶುರುವಿನ ಹಂತ ನಮ್ಮ ಕೈಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಭರವಸೆ ಬೇಕಿಲ್ಲ.

ಮೊದಲು ಮೆತ್ತನೆ ಎಳೆಗಳ ಬ್ರಷ್ ತೆಗೆದುಕೊಳ್ಳಿ. ಹಲ್ಲು ಮತ್ತು ವಸಡು ಸೇರುವ ಗೆರೆಗೆ ಅದನ್ನು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಎಳೆಗಳ ತುದಿ ವಸಡಿನ ಅಂಚಿನೊಳಗೆ ತುಸು ನುಗ್ಗಬೇಕು. ಇದ್ದಲ್ಲೇ ಸಣ್ಣಗೆ ಅಲುಗಿಸಿ, ಎರಡೆರಡು ಹಲ್ಲು ಮುಗಿಸಿ ಮುಂದೆ ಹೋಗಿ. ಒಳಬದಿಯನ್ನು ಮರೆಯಬೇಡಿ. ದಿನಕ್ಕೆ ಎರಡು ಸಲ, ಪ್ರತಿ ಸಲ 2 ನಿಮಿಷ. ಒತ್ತಿ ತಿಕ್ಕಿದರೆ ವಸಡು ಸವೆಯುತ್ತದೆ, ಅಷ್ಟೇ.

ಬ್ರಷ್ ಎಷ್ಟೇ ಚೆನ್ನಾಗಿದ್ದರೂ ಹಲ್ಲುಗಳ ಸಂದಿಗೆ ಹೋಗುವುದಿಲ್ಲ. ಅದಕ್ಕೆ ರಾತ್ರಿ ಮಲಗುವ ಮೊದಲು ಫ್ಲಾಸ್ ಬೇಕು. ಸುಮಾರು 45 ಸೆಂಟಿಮೀಟರ್ ದಾರವನ್ನು ಎರಡೂ ನಡುಬೆರಳಿಗೆ ಸುತ್ತಿ, ಮೆಲ್ಲಗೆ ಇಳಿಸಿ, ದಾರ ಹಲ್ಲನ್ನು ತಬ್ಬುವಂತೆ ಬಾಗಿಸಿ ಮೇಲೆ ಕೆಳಗೆ ಎಳೆಯಿರಿ. ಸಂದಿ ಅಗಲವಿದ್ದರೆ ಪುಟ್ಟ ಸಂದಿ-ಬ್ರಷ್ ಇನ್ನೂ ಒಳ್ಳೆಯದು. ಮೊದಲ ಕೆಲವು ದಿನ ರಕ್ತ ಬರಬಹುದು, ನಿಲ್ಲಿಸಬೇಡಿ.

ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಹಿತವಾಗುತ್ತದೆ, ಆದರೆ ಕೊಳೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ವೈದ್ಯರು ಹೇಳಿದಷ್ಟು ದಿನ ಮಾತ್ರ. ಸುಮ್ನೆ ಬಳಸುತ್ತಾ ಹೋದರೆ ಹಲ್ಲು ಕಂದುಗಟ್ಟುತ್ತದೆ.

ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಿ. ಕೀವು ಬಂದರೆ, ಹಲ್ಲು ಅಲುಗಾಡಿದರೆ ಅಷ್ಟು ದಿನವೂ ಕಾಯಬೇಡಿ. ಪ್ಲಾಕ್ ಗಟ್ಟಿಯಾಗಿ ಕಿಟ್ಟವಾದರೆ ಬ್ರಷ್‌ಗೆ ಬಗ್ಗುವುದಿಲ್ಲ, ದಂತವೈದ್ಯರು ಉಪಕರಣದಿಂದ ಅದನ್ನು ತೆಗೆಯುವ ಸ್ಕೇಲಿಂಗೇ ಆಗಬೇಕು. ಅದರಿಂದ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬೇಡ. ಕಿಟ್ಟ ಹೋದ ಮೇಲೆ ಅದು ಮುಚ್ಚಿದ್ದ ಸಂದಿ ಕಾಣುತ್ತದೆ, ಅಷ್ಟೇ.

ವೈದ್ಯರು ಸಣ್ಣ ಕಡ್ಡಿಯಿಂದ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ. ಅದಕ್ಕಿಂತ ಆಳವಾಗಿದ್ದು, ಹಲ್ಲನ್ನು ಹಿಡಿದಿಟ್ಟ ಮೂಳೆಯೂ ಕರಗಿದ್ದರೆ ಬೇರಿನವರೆಗೆ ಕ್ಲೀನ್ ಮಾಡಬೇಕಾಗುತ್ತದೆ. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಸಿಗರೇಟು ಸೇದುವವರು ಒಂದು ಮಾತು ಗಮನಿಸಿ. ಹೊಗೆ ವಸಡಿನ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಹಾಗಾಗಿ ರೋಗ ಬಲಿತಿದ್ದರೂ ರಕ್ತ ಕಾಣದೇ ಇರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಎರಡೂ ಕಡೆಯಿಂದ ಪೆಟ್ಟು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ನಿಮಗೆ ಸಕ್ಕರೆ ಇದೆ ಎಂದು ದಂತವೈದ್ಯರಿಗೆ ಮೊದಲೇ ಹೇಳಿ.